ಹತ್ತರಿಂದ ಆರರವರೆಗೆ ಆಂಟಿ

ಎರಡು ವರ್ಷ ನಾನು ಸಂಬಳಕ್ಕೆ ಆಂಟಿಯಾಗಿದ್ದೆ. ಬೆಳಿಗ್ಗೆ ಹತ್ತಕ್ಕೆ ವಿಜಯನಗರದ ಒಂದು ಕಟ್ಟಡದ ಎರಡನೇ ಮಹಡಿ ಹತ್ತಿ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕಂಪ್ಯೂಟರ್ ಮುಂದೆ ಕೂತರೆ ನಾನು ಬಸವೇಶ್ವರನಗರದ ಗೃಹಿಣಿ. ವಯಸ್ಸು ನಲವತ್ತೆರಡು, ಕಾಲೇಜಿಗೆ ಹೋಗುವ ಮಗಳು, ಮಾತು ಕಡಿಮೆಯ ಗಂಡ. ಸಂಜೆ ಆರಕ್ಕೆ ಎದ್ದರೆ ಮತ್ತೆ ಮೂವತ್ತು ದಾಟಿದ, ಮದುವೆಯಾಗದ, ಅತ್ತಿಗುಪ್ಪೆಯ ಟೆರೇಸ್ ರೂಮಿನ ಗಂಡಸು. ಎರಡರಲ್ಲಿ ಯಾವ ಬಾಳು ಹೆಚ್ಚು ಸುಖವಾಗಿತ್ತು ಅಂತ ಯಾರಾದರೂ ಕೇಳಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ.

ಅದಕ್ಕೂ ಮುಂಚೆ ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಹೀಗೆ ಕೈಗೆ ಬಂದದ್ದು. ಅಲ್ಲಿ ಮೂರು ಜನ ಟೈಪ್ ಮಾಡುತ್ತಿದ್ದರು. ಪುಟ ಕೈಗೆ ಬಂದರೆ ಇದು ಯಾರ ಕೆಲಸ ಅಂತ ತಪ್ಪು ನೋಡಿಯೇ ಹೇಳುತ್ತಿದ್ದೆ. ಒಬ್ಬಳಿಗೆ ಅವಸರ, ಒಬ್ಬನಿಗೆ ನಿದ್ದೆ, ಇನ್ನೊಬ್ಬನಿಗೆ ಎಲ್ಲದರ ಮೇಲೂ ಅನುಮಾನ. ಈ ವಿದ್ಯೆಯ ಬಗ್ಗೆ ನನಗೆ ಜಂಬವಿತ್ತು, ಯಾಕೆಂದರೆ ಜಂಬಪಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಪ್ರೆಸ್ಸು ಮುಚ್ಚಿದ ದಿನ ಮಾಲೀಕರು ಬೆನ್ನು ತಟ್ಟಿ, "ನಿಮಗೆಲ್ಲಾದ್ರೂ ಕೆಲಸ ಸಿಗುತ್ತೆ ಬಿಡಿ" ಅಂದರು. ಕೆಲಸ ಸಿಗದವರಿಗೇ ಜನ ಹೀಗೆ ಹೇಳುವುದು.

ಸಿಕ್ಕಿತು. ಕೊಟ್ಟವರು ಮೂಡಲಪಾಳ್ಯದ ಹಳೇ ಊರಿನ ಮನೆತನದವರು. ಅವರ ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾಗಿ, ಸೈಟುಗಳು ಬಾಡಿಗೆ ಮನೆಗಳಾಗಿ, ಆ ದುಡ್ಡಲ್ಲಿ ಮಿಕ್ಕಿದ್ದರಿಂದ ವಿಜಯನಗರದ ಈ ಕಟ್ಟಡ ಕೊಂಡಿದ್ದರು. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೊದಲನೇ ಮಹಡಿಯಲ್ಲಿ ಟ್ಯೂಷನ್. ಎರಡನೇ ಮಹಡಿಗೆ ಬಾಡಿಗೆಯವರು ಬರದೆ ಖಾಲಿ ಬಿದ್ದಿತ್ತು. ಇನ್ನು ಮುಂದೆ ಜಾಹೀರಾತು ಗೋಡೆ ಮೇಲಲ್ಲ, ಇಂಟರ್ನೆಟ್ಟಿನ ಮೇಲೆ ಅಂತ ಯಾರೋ ಅವರ ತಲೆಗೆ ತುಂಬಿದ್ದರು. ಆರು ಕಂಪ್ಯೂಟರ್ ಹಾಕಿದರು. ಅವರ ಬಾಯಲ್ಲಿ ಒಂದೇ ಮಂತ್ರ: "ಮಾರ್ಬೇಡ್ರಪ್ಪಾ, ಮಾತಾಡ್ರಿ. ಮಾತಾಡಿದ್ರೆ ಮಾಲು ತಾನಾಗೇ ಹೋಗುತ್ತೆ."

ಆಗಿನ್ನೂ ಎಲ್ಲರ ಅಂಗೈಯಲ್ಲೂ ಇಂಟರ್ನೆಟ್ ಬಂದಿರಲಿಲ್ಲ. ಗೆಳೆತನ ಕೂಡಿಸುವ ತಾಣಗಳು ಆಗಷ್ಟೇ ಜನಕ್ಕೆ ರುಚಿ ಹತ್ತಿಸಿದ್ದವು. ಒಬ್ಬರ ಪುಟದ ಮೇಲೆ ಇನ್ನೊಬ್ಬರು ಚೀಟಿ ಅಂಟಿಸಿದ ಹಾಗೆ ಎರಡು ಸಾಲು ಬರೆಯಬಹುದಿತ್ತು. ಅಡುಗೆಯವರದೊಂದು ಗುಂಪು, ರಂಗೋಲಿಯವರದೊಂದು, ಹಳೇ ಚಿತ್ರಗೀತೆಯವರದೊಂದು. ಕನ್ನಡವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರು. ಕರಡು ತಿದ್ದುವವನಿಗೆ ಅದು ಕಣ್ಣಿಗೆ ಮಣ್ಣು ಬಿದ್ದ ಹಾಗೆ, ಆದರೂ ರೂಢಿಯಾಯಿತು.

ನಮ್ಮ ಗಿರಾಕಿ ಒಂದು ಸಾಂಬಾರ್ ಪುಡಿ ಕಂಪನಿ. ನಾವು ಮಾಡಬೇಕಾದದ್ದು ಇಷ್ಟು: ಅಡುಗೆ ಗುಂಪುಗಳಲ್ಲಿ ಮನೆಯವರ ಹಾಗೆ ಸೇರಿಕೊಳ್ಳುವುದು, ಹತ್ತು ಮಾತಿಗೆ ಒಂದು ಮಾತು ಪುಡಿಯ ಬಗ್ಗೆ ಆಡುವುದು. ಹೊಸ ಪ್ರೊಫೈಲ್ ಮಾಡಿದ ತಕ್ಷಣ ಪುಡಿ ಅನ್ನಬಾರದು. ಮೊದಲು ಅದನ್ನು ಕಾಯಿಸಬೇಕು, ಒಲೆ ಮೇಲೆ ಕಾವಲಿ ಕಾಯಿಸಿದ ಹಾಗೆ. ಎರಡು ಮೂರು ವಾರ ಬರೀ ಹುಟ್ಟುಹಬ್ಬದ ಶುಭಾಶಯ, ಅವರಿವರ ಮಗುವಿನ ಫೋಟೋಗೆ ಮುದ್ದಾಗಿದೆ ಅನ್ನುವುದು, ಹಾಲು ಉಕ್ಕಿತು ಅಂತ ಪೇಚಾಡುವುದು. ಪ್ರೊಫೈಲಿಗೆ ಮುಖದ ಫೋಟೋ ಹಾಕುವ ಹಾಗಿಲ್ಲ, ದಾಸವಾಳವೋ ರಂಗೋಲಿಯೋ ಸಾಕು. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಆಂಟಿಯರು ಬರೆಯುವಂತಿಲ್ಲ, ಆಗ ಅವರು ಮಲಗಿರುತ್ತಾರೆ. ಆ ಹೊತ್ತಿನಲ್ಲಿ ನಾವು ಕಾಲೇಜು ಹುಡುಗರಾಗಿ ಕ್ರಿಕೆಟ್ ಗುಂಪಿಗೆ ಹೋಗುತ್ತಿದ್ದೆವು.

ಈ ಕೆಲಸದವರ ಅಭ್ಯಾಸಗಳೇ ಬೇರೆ. ಆರು ಜನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಒಬ್ಬರಿಗೊಬ್ಬರು ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಟೀ ಬೇಕಾ ಅನ್ನುವುದನ್ನೂ ಟೈಪ್ ಮಾಡಿ ಕೇಳುತ್ತಿದ್ದರು. ಎಡಗೈಯಲ್ಲಿ ಚಿತ್ರಾನ್ನ, ಬಲಗೈ ಮೌಸಿನ ಮೇಲೆ, ಎರಡು ತುತ್ತಿಗೊಮ್ಮೆ ಪುಟ ಹೊಸದು ಮಾಡಿ ಉತ್ತರ ಬಂತಾ ನೋಡುವುದು. ಯಾರದೋ ಮದುವೆಗೆ ಹೋದರೆ ಊಟಕ್ಕೆ ಕೂತಲ್ಲೇ, ಈ ಕೋಸಂಬರಿ ಬಗ್ಗೆ ನಾಳೆ ಏನು ಬರೆಯಬಹುದು ಅಂತ ಲೆಕ್ಕ. ದುಃಖದ ಸುದ್ದಿಯಲ್ಲೂ ಹಾಗೆಯೇ. ಪಕ್ಕದ ಕುರ್ಚಿಯವನು ತನ್ನ ಅಜ್ಜಿ ತೀರಿಕೊಂಡ ವಾರ, ತಾನು ನಡೆಸುತ್ತಿದ್ದ ಮೂರು ಪ್ರೊಫೈಲುಗಳ ಅಜ್ಜಿಯರನ್ನೂ ಸಾಯಿಸಿ ಸಂತಾಪ ವಸೂಲು ಮಾಡಿದ. "ಒಳ್ಳೆ ರೆಸ್ಪಾನ್ಸ್ ಬಂತು ಮಗಾ" ಅಂದ. ಹಾಗೆನ್ನುವಾಗ ಅವನ ಕಣ್ಣು ಕೆಂಪಗಿತ್ತು.

ಬೇರೆಯವರು ಇಂಟರ್ನೆಟ್ಟಿನಿಂದ ಅಡುಗೆ ಕದ್ದು ಹಾಕುತ್ತಿದ್ದರು. ನನಗೆ ಅದು ಆಗದ ಮಾತು. ಸುಳ್ಳಿನೊಳಗೆ ತಪ್ಪಿರಬಾರದು ಅನ್ನುವುದು ಪ್ರೆಸ್ಸಿನಲ್ಲಿ ಅಂಟಿಕೊಂಡ ಚಾಳಿ. ದೋಸೆ ಹಿಟ್ಟು ಹುಳಿ ಬರಲಿಲ್ಲ ಅಂತ ಯಾರಾದರೂ ಕೇಳಿದರೆ ಸರಿಯಾದ ಉತ್ತರ ಕೊಡಬೇಕಲ್ಲ. ಅದಕ್ಕೆ ಮಾರ್ಕೆಟ್ಟಿನಿಂದ ಸೊಪ್ಪು, ತರಕಾರಿ ತಂದು ರೂಮಿನಲ್ಲಿ ನಿಜವಾಗಿ ಅಡುಗೆ ಮಾಡತೊಡಗಿದೆ. ಅಷ್ಟು ವರ್ಷ ದರ್ಶಿನಿಯಲ್ಲಿ ನಿಂತು ತಿಂದವನು ಆಂಟಿಯ ಮರ್ಯಾದೆ ಉಳಿಸಲು ಹುಳಿ ಮಾಡಿದೆ, ಗೊಜ್ಜು ಮಾಡಿದೆ, ಮಸ್ಸೊಪ್ಪು ಮಾಡಿದೆ. ಒಂದು ಲೋಟ ಅಕ್ಕಿಗಿಂತ ಕಡಿಮೆ ಅನ್ನ ಮಾಡುವುದು ನನಗೆ ಕೊನೆಗೂ ಬರಲಿಲ್ಲ. ಮಿಕ್ಕಿದ್ದನ್ನು ಮಾರನೇ ದಿನ ಚಿತ್ರಾನ್ನ ಮಾಡಿ ಆಫೀಸಿಗೆ ತರುತ್ತಿದ್ದೆ.

ಮೈಸೂರಿನವಳು ಬಂದದ್ದು ಯುಗಾದಿಯ ಆಸುಪಾಸಿನಲ್ಲಿ. ಗುಂಪಿನಲ್ಲಿ ನಾನು ಒಬ್ಬಟ್ಟಿನ ಸಾರಿನ ಬಗ್ಗೆ ಬರೆದಿದ್ದೆ. ಅದರ ಕೆಳಗೆ ಅವಳು ಬರೆದಳು: "ಕಾಯಿ ಹುರಿದು ಹಾಕ್ತೀರೋ ಹಸೀದೋ? ನಮ್ಮನೇಲಿ ಇದೇ ಜಗಳ." ತಾನು ಮೈಸೂರಿನವಳು, ಗೃಹಿಣಿ, ಇಬ್ಬರು ಗಂಡುಮಕ್ಕಳು ಅಂತ ಪುಟದಲ್ಲಿ ಬರೆದುಕೊಂಡಿದ್ದಳು. ಪ್ರೊಫೈಲಿಗೆ ಮಲ್ಲಿಗೆ ಹೂವಿನ ಫೋಟೋ. ಮಾರನೇ ದಿನ ಅವಳೇ ಕೇಳಿದಳು, ಊಟಕ್ಕೆ ಏನು ಮಾಡಿದ್ರಿ ಅಂತ. ಅದರ ಮಾರನೇ ದಿನವೂ. ಆಮೇಲೆ ದಿನಾ.

ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ನಾನಿದ್ದ ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ತಂದೆ ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು, ಅಕ್ಕ ದೂರದಲ್ಲಿದ್ದಳು, ಹಬ್ಬಕ್ಕೊಂದು ಫೋನು. ಪ್ರೆಸ್ಸಿನ ಗೆಳೆಯರು ದಿಕ್ಕಿಗೊಬ್ಬರಾಗಿ ಚದುರಿದ್ದರು. ಶನಿವಾರ ಸಂಜೆ ಮನೆ ಓನರ್ ಹತ್ತಿರ ನೀರಿನ ಬಗ್ಗೆ ಆಡಿದ ಮಾತೇ ಸೋಮವಾರದ ತನಕ ನನ್ನ ಕೊನೆಯ ಮಾತಾಗಿರುತ್ತಿತ್ತು. ಭಾನುವಾರ ಬಂದರೆ ಎದೆ ಭಾರ. ಮೆಟ್ರೋ ಕೆಲಸಕ್ಕೆ ರಸ್ತೆ ನಡುವೆ ನಿಲ್ಲಿಸಿದ್ದ ತಗಡಿನ ಗೋಡೆ ಪಕ್ಕ ನಡೆದುಕೊಂಡು ಹೋಗಿ, ಏನೂ ಕೊಳ್ಳದೆ ವಾಪಸ್ ಬರುತ್ತಿದ್ದೆ. ಹೀಗಿದ್ದವನನ್ನು ಒಬ್ಬಳು ದಿನಾ ಊಟ ವಿಚಾರಿಸಿದರೆ ಏನಾಗಬೇಕೋ ಅದೇ ಆಯಿತು. ಪ್ರೀತಿ ಗೀತಿ ಅಲ್ಲ. ಅವಳ ಮಟ್ಟಿಗೆ ನಾನೂ ಹೆಂಗಸೇ ಅಲ್ಲವೇ. ಅದು ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆಯವರ ಜೊತೆ ಆಡುವಂಥ ಮಾತು, ಅಷ್ಟೇ. ನನಗೆ ಅದೇ ಬೆಟ್ಟದಷ್ಟಾಗಿತ್ತು.

ಅವಳ ಹತ್ತಿರ ಒಂದು ಮಿಕ್ಸಿ ಇತ್ತು. ಅದನ್ನು ಆಗಾಗ ಹೊಗಳುತ್ತಿದ್ದಳು. ಮಸಾಲೆ ಅವತ್ತವತ್ತೇ ರುಬ್ಬಿಕೊಳ್ಳಬೇಕು, ಪುಡಿ ಅಂದರೆ ಸೋಮಾರಿಗಳಿಗೆ ಅನ್ನುತ್ತಿದ್ದಳು. ನನ್ನ ಹೊಟ್ಟೆಪಾಡೇ ಪುಡಿ. ನಾನು ಪುಡಿಯ ಪರ, ಅವಳು ಮಿಕ್ಸಿಯ ಪರ, ವಾರಕ್ಕೊಂದು ಸಲ ನಮ್ಮ ಕದನ. ಗುಂಪಿನವರೆಲ್ಲ ನೋಡಿ ನಗುತ್ತಿದ್ದರು. ತಿಂಗಳ ಕೊನೆಯ ವರದಿಯಲ್ಲಿ ನಾನು ಅವಳನ್ನೇ ಮೊದಲು ಹಾಕುತ್ತಿದ್ದೆ: ಪುಡಿಯ ಬಗ್ಗೆ ಅತಿ ಹೆಚ್ಚು ಮಾತಾಡುವ ಗೃಹಿಣಿ, ಇನ್ನೂ ಮನಸ್ಸು ಬದಲಾಗಿಲ್ಲ, ಪ್ರಯತ್ನ ಜಾರಿಯಲ್ಲಿದೆ. ಅವಳ ಮನಸ್ಸು ಬದಲಾಯಿತೋ ಇಲ್ಲವೋ, ಮೇ ತಿಂಗಳಲ್ಲಿ ನಾನು ಹೋಗಿ ಆ ಮಿಕ್ಸಿ ಕೊಂಡುಕೊಂಡೆ. ಒಬ್ಬನಿಗೆ ಮಿಕ್ಸಿ ಯಾಕೆ ಅಂತ ಅಂಗಡಿಯವನು ಕೇಳಲಿಲ್ಲ, ನಾನೇ ಕೇಳಿಕೊಂಡೆ.

ಶಾಲೆಗಳು ಶುರುವಾಗುವ ಹೊತ್ತಿಗೆ ನನಗೆ ಟೈಫಾಯ್ಡ್ ಬಂತು. ಟೆರೇಸ್ ರೂಮಿನಲ್ಲಿ ಚಾಪೆ ಮೇಲೆ ಬಿದ್ದುಕೊಂಡೆ. ಗಂಜಿ ಮಾಡಿಕೊಳ್ಳಲು ಏಳುವುದೂ ಕಷ್ಟ. ಆಫೀಸಿನಿಂದ ಒಂದು ಫೋನ್ ಬಂತು, ಪಕ್ಕದ ಕುರ್ಚಿಯವನದು. ಹುಷಾರಾಗಿದ್ದೀಯಾ ಅಂತಲ್ಲ, "ಗುರು, ನಿನ್ನ ಆಂಟಿ ಪಾಸ್‌ವರ್ಡ್ ಏನು?" ಅಂತ. ಕೊಟ್ಟೆ. ಆ ವಾರ ಅವನು ನನ್ನ ಆಂಟಿಯಾದ. ಆಂಟಿ ಸುಮ್ಮನಾದರೆ ಕಾವು ಇಳಿದುಹೋಗುತ್ತದೆ ಅನ್ನುವುದು ನಮ್ಮಲ್ಲಿ ನಿಯಮ.

ಆಫೀಸಿಗೆ ವಾಪಸ್ ಹೋದ ದಿನ ಮೆಟ್ಟಿಲ ಮೇಲೆ ಎರಡು ಕಡೆ ಕೂತು ಹತ್ತಿದೆ. ಪುಟ ತೆರೆದರೆ ಅವನು ಬರೆದದ್ದೆಲ್ಲ ಕಂಡಿತು: ಸೂಪರ್, ಚಿಂದಿ, ವಾವ್ ಅಕ್ಕ. ತಲೆ ಚಚ್ಚಿಕೊಂಡೆ. ಅದರ ಕೆಳಗೆ ಮೈಸೂರಿನವಳು ಬರೆದಿದ್ದಳು: "ಒಂದು ವಾರದಿಂದ ಬರೀತಿರೋದು ನೀವಲ್ಲ. ಯಾರು ಅಂತ ಕೇಳಲ್ಲ. ನೀವು ಹುಷಾರಾಗಿದ್ದೀರಾ, ಅಷ್ಟು ಹೇಳಿ."

ಅದನ್ನು ಎಷ್ಟು ಸಲ ಓದಿದೆನೋ. ನಾನು ಬಿದ್ದುಕೊಂಡಿದ್ದು ಓನರಿಗೆ ಗೊತ್ತಿರಲಿಲ್ಲ, ಹಾಲಿನವನಿಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡದವಳು, ನಾನು ಗಂಡಸು ಅಂತಲೂ ಗೊತ್ತಿಲ್ಲದವಳು, ಇದು ನಾನಲ್ಲ ಅಂತ ಕಂಡುಹಿಡಿದಿದ್ದಳು. ಕಣ್ಣಲ್ಲಿ ನೀರು ಬಂತು. ನಿಶ್ಶಕ್ತಿಗೆ ಅಂತ ಪಕ್ಕದವನಿಗೆ ಹೇಳಿದೆ. ಜ್ವರ ಬಂದಿತ್ತು, ನಾದಿನಿ ಬರೆದಳು ಅಂತ ಅವಳಿಗೆ ಉತ್ತರ ಹಾಕಿದೆ. ತಕ್ಷಣ ಬಂತು: "ನಾದಿನಿಗೆ ಅಡುಗೆಮನೆ ಬಿಟ್ಟುಕೊಡಿ, ಈ ಜಾಗ ಬಿಟ್ಟುಕೊಡಬೇಡಿ. ಬಿಸಿನೀರು ಕುಡೀತಾ ಇರಿ."

ಆಮೇಲಿನ ದಿನಗಳಲ್ಲಿ ಸುಳ್ಳಿನ ಮಧ್ಯೆ ನಿಜವನ್ನೂ ಸೇರಿಸಿ ಬರೆಯತೊಡಗಿದೆ. ಗಂಡ ಮಾತಾಡಲ್ಲ, ಮನೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತೇನೆ ಅಂದೆ. ಭಾನುವಾರ ಕಳೆಯುವುದು ಕಷ್ಟ ಅಂದೆ. ಅವಳು ಬುದ್ಧಿ ಹೇಳುತ್ತಿರಲಿಲ್ಲ. "ನನಗೂ ಹಾಗೇ. ಸೋಮವಾರ ಬೇಗ ಬರ್ಲಿ ಅನ್ಸುತ್ತೆ" ಅಂದಳು. ಗೃಹಿಣಿಗೆ ಯಾಕೆ ಸೋಮವಾರ ಬೇಕು ಅಂತ ನನಗೆ ಆಗ ಹೊಳೆಯಲಿಲ್ಲ. ಶ್ರಾವಣ ಬಂತು. ನಾಗರಪಂಚಮಿಗೆ ಎಳ್ಳು, ಶೇಂಗಾದ ಉಂಡಿ ಕಟ್ಟಿದ್ದನ್ನು, ಮರಕ್ಕೆ ಜೋಕಾಲಿ ಹಾಕಿ ಜೀಕಿದ್ದನ್ನು ಅವಳು ಬರೆದಳು. ಮೈಸೂರು ಕಡೆ ಈ ಜೋಕಾಲಿ, ಈ ಉಂಡಿ ಎಲ್ಲಿಂದ ಬಂತು ಅಂತ ಒಂದು ಕ್ಷಣ ಅನ್ನಿಸಿತು. ತವರು ಉತ್ತರದ ಕಡೆಯದಿರಬಹುದು ಅಂದುಕೊಂಡೆ. ಆಮೇಲೆ ಅವಳ ಮಾತು ಸ್ವಲ್ಪ ಚಿಕ್ಕದಾಯಿತು. ಊಟಕ್ಕೆ ಏನು ಅನ್ನುವ ಬದಲು ಊಟ ಆಯ್ತಾ ಅನ್ನುತ್ತಿದ್ದಳು. ಮಿಕ್ಸಿ ಜಗಳವೂ ಕಡಿಮೆಯಾಯಿತು. ಮಕ್ಕಳ ಪರೀಕ್ಷೆ, ದಣಿವು ಇರುತ್ತದೆ ಅಂತ ನಾನೇ ಸಮಾಧಾನ ಹೇಳಿಕೊಂಡೆ. ಊಟ ಆಯ್ತಾ ಅಂತ ಕೇಳುತ್ತಿದ್ದಳಲ್ಲ, ನನಗೆ ಅಷ್ಟು ಸಾಕಾಗಿತ್ತು.

ನಮ್ಮ ಆಫೀಸಿನಲ್ಲಿ ಜನರೇಟರ್ ಇರಲಿಲ್ಲ. ಕರೆಂಟ್ ಹೋದರೆ ಎಲ್ಲ ಆಂಟಿಯರೂ ಒಟ್ಟಿಗೆ ಮೂರ್ಛೆ ಹೋಗುತ್ತಿದ್ದರು. ಕರೆಂಟ್ ಬಂದ ಮೇಲೆ ನೋಡಿದರೆ ಮೈಸೂರಿನವಳೂ ಅದೇ ಹೊತ್ತಿನಲ್ಲಿ ಮಾತು ನಿಲ್ಲಿಸಿರುತ್ತಿದ್ದಳು, ಅದೇ ಹೊತ್ತಿಗೆ ಮತ್ತೆ ಶುರು. ಒಂದು ಸಲವಲ್ಲ, ಹಲವು ಸಲ. ಇಡೀ ರಾಜ್ಯಕ್ಕೆ ಒಂದೇ ಹಣೆಬರಹ ಅಂತ ಸುಮ್ಮನಾದೆ.

ನವೆಂಬರ್‌ನಲ್ಲಿ ನಮ್ಮ ಹಿಂದಿನ ಕ್ರಾಸಿನಲ್ಲಿ ರಾಜ್ಯೋತ್ಸವದ ಪೆಂಡಾಲ್ ಹಾಕಿದರು. ಬೆಳಿಗ್ಗೆಯಿಂದ ಸ್ಪೀಕರ್. ಹನ್ನೆರಡರ ಹೊತ್ತಿಗೆ ಹಾಡು ನಿಂತು ಒಂದು ಗಂಡುಧ್ವನಿ ಬಂತು: "ದಯವಿಟ್ಟು ಗಮನಿಸಿ. ವೇದಿಕೆ ಪಕ್ಕ ನಿಂತಿರೋ ನೀಲಿ ಸ್ಕೂಟರ್ ಮಾಲೀಕರು ಕೂಡಲೇ ಬಂದು ಗಾಡಿ ತೆಗೀಬೇಕಾಗಿ ವಿನಂತಿ." ಮಾಲೀಕರು ಬರಲಿಲ್ಲ. ವಿನಂತಿ ಸ್ವಲ್ಪ ಹೊತ್ತಿಗೆ ಎಚ್ಚರಿಕೆಯಾಯಿತು, ಆಮೇಲೆ ಬೈಗುಳದ ಹತ್ತಿರ ಬಂತು: "ಯಾರದ್ರೀ ಅದು ನೀಲಿ ಸ್ಕೂಟ್ರು? ಆರ್ಕೆಸ್ಟ್ರಾದೋರು ಸಾಮಾನು ಇಳಿಸ್ಬೇಕು, ಮನೇಲಿ ನಿದ್ದೆ ಮಾಡ್ತಿದ್ದೀರಾ?" ನಾವೆಲ್ಲ ನಗುತ್ತಿದ್ದೆವು. ಅಷ್ಟರಲ್ಲಿ ನನ್ನ ಪರದೆಯ ಮೇಲೆ ಮೈಸೂರಿನವಳ ಸಾಲು ಬಂತು: "ಇಲ್ಲಿ ಯಾರದೋ ನೀಲಿ ಸ್ಕೂಟರ್ ಗಲಾಟೆ ಅಕ್ಕ, ಸ್ಪೀಕರ್‌ನಲ್ಲಿ ಕೂಗಿ ಕೂಗಿ ತಲೆ ಚಿಟ್ಟು ಹಿಡೀತು. ಊಟ ಆಯ್ತಾ?"

ನನ್ನ ನಗು ನಿಂತುಹೋಯಿತು. ಅವತ್ತು ಮಧ್ಯಾಹ್ನವೆಲ್ಲ ಕೂತು ಅವಳು ಬರೆದದ್ದನ್ನು ಯುಗಾದಿಯಿಂದ ಓದಿದೆ. ಹತ್ತರಿಂದ ಆರರವರೆಗೆ ಮಾತ್ರ ಮಾತು. ಭಾನುವಾರ ಇಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಮೌನ. ಬೇರೆ ಮಾತು ಒಂದಷ್ಟು, ಆಮೇಲೆ ಮಿಕ್ಸಿ, ಮತ್ತೆ ಬೇರೆ ಮಾತು. ಶುರುವಿನ ಮೂರು ವಾರ ಮಿಕ್ಸಿಯ ಹೆಸರೇ ಇಲ್ಲ. ಕಾಯಿಸಿದ್ದಾಳೆ. ನಾನು ಅವಳನ್ನು ಕಾಯಿಸುತ್ತಿದ್ದ ಹಾಗೆ ಅವಳೂ ನನ್ನನ್ನು ಕಾಯಿಸಿದ್ದಾಳೆ. ಕಳ್ಳನ ಮನೆಗೆ ಕಳ್ಳ ಕನ್ನ ಹಾಕಿದ ಹಾಗೆ, ಇಬ್ಬರೂ ಬೆಳಗಾಗೆದ್ದು ಒಬ್ಬರಿಗೊಬ್ಬರು ಮಾರುತ್ತಾ ಕೂತಿದ್ದೆವು.

ಆಫೀಸಿನ ಯಜಮಾನರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಿಂದಿನ ಕ್ರಾಸಲ್ಲಿ ಬೇಕರಿ ಮೇಲೆ ನಮ್ಮಂಗೇ ಒಂದು ಆಫೀಸೈತೆ. ಅವರೇ ಕಣ್ರೀ. ಮಿಕ್ಸಿ ಕಂಪನಿ ಕೆಲಸ ಹಿಡ್ಕೊಂಡವ್ರೆ ಅಂತ ಕೇಳಿದ್ದೆ." ಕಣ್ಣೊರೆಸಿಕೊಂಡು ಗಂಭೀರವಾದರು. "ನೀವೇನೂ ಮುರೀಬೇಡಿ. ನಮ್ಮ ವರದೀಲಿ ಆಯಮ್ಮನೇ ನಂಬರ್ ಒನ್ನು. ಅವರ ವರದೀಲಿ ನೀವಿರ್ತೀರ. ಅವರೂ ಬದುಕ್ಲಿ, ನಾವೂ ಬದುಕಾಣ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ನನ್ನ ತಲೆಯಲ್ಲಿ ವರದಿ ಇರಲಿಲ್ಲ. ಮೊದಲು ಸಿಟ್ಟು ಬಂದಿತ್ತು, ನಿಜ. ಸಂಜೆ ರೂಮಿಗೆ ನಡೆದು ಹೋಗುವಾಗ ಆ ಸಿಟ್ಟು ಹೇಗೋ ಸಂತೋಷವಾಗಿಬಿಟ್ಟಿತು. ಮೈಸೂರು ಸುಳ್ಳಾದರೆ ಆಗಲಿ, ಗಂಡುಮಕ್ಕಳು ಸುಳ್ಳಾದರೆ ಆಗಲಿ, ನನ್ನದೇನು ದೊಡ್ಡ ಸತ್ಯವೇ. ಜ್ವರದ ವಾರ, ಬರೆಯುತ್ತಿರುವುದು ನೀವಲ್ಲ ಅಂದದ್ದು ಯಾವ ಕಂಪನಿಯೂ ಹೇಳಿಕೊಟ್ಟ ಮಾತಲ್ಲ. ಅದರಿಂದ ಒಂದು ಮಿಕ್ಸಿಯೂ ಹೋಗುವುದಿಲ್ಲ. ಅದನ್ನು ಬರೆದವರು ಯಾರೋ ಒಬ್ಬರು ನಿಜವಾಗಿ ಇದ್ದಾರೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದಾರೆ. ಅವರನ್ನು ನೋಡಬೇಕು. ಒಂದು ಸಲ ಎದುರು ನಿಂತು, ಇದು ನಾನು ಅನ್ನಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ಯಾವುದೂ ಯಾವತ್ತೂ ನನಗೆ ಅಷ್ಟು ಬೇಕಾಗಿರಲಿಲ್ಲ.

ಮಾರನೇ ದಿನ ಬೇಗ ಎದ್ದು ಬಿಸಿಬೇಳೆಬಾತ್ ಮಾಡಿದೆ. ಮಸಾಲೆ ಮಿಕ್ಸಿಯಲ್ಲೇ ರುಬ್ಬಿದೆ, ಅವಳ ಮಾತಿನಂತೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ. ಪಕ್ಕದ ಕುರ್ಚಿಯವನು, "ಏನ್ ಗುರು, ಹೆಣ್ಣು ನೋಡೋಕಾ?" ಅಂದ. ಒಂದೂವರೆಗೆ ಡಬ್ಬಿ ಹಿಡಿದುಕೊಂಡು ಹಿಂದಿನ ಕ್ರಾಸಿಗೆ ಹೋದೆ. ಬೇಕರಿ ಪಕ್ಕ ಕಡಿದಾದ ಮೆಟ್ಟಿಲು. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ, ಮಿಕ್ಕವರು ಊಟಕ್ಕೆ ಹೋಗಿದ್ದರು. ಒಳಗೆ ನಮ್ಮಲ್ಲಿದ್ದಂಥದೇ ಮೇಜಿನ ಸಾಲು. ಕಿಟಕಿ ಪಕ್ಕ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಎರಡು ಜಡೆ ಹೆಗಲ ಹಿಂದೆ, ಕೈ ಮೌಸಿನ ಮೇಲೆ. ಅವಳ ಪರದೆಯ ಮೂಲೆಯಲ್ಲಿ ಮಲ್ಲಿಗೆ ಹೂವಿತ್ತು.

"ಯಾರು ಬೇಕಾಗಿತ್ರಿ ಸರ?" ಅಂದಳು. ಗದಗದ ಕಡೆಯ ಮಾತು.

"ನಾನು ಬಸವೇಶ್ವರನಗರದ ಆಂಟಿ" ಅಂದೆ.

ಹೇಳಿದ ಮೇಲೆ ಎಂಥ ಹುಚ್ಚು ಮಾತು ಅನ್ನಿಸಿತು. ಅವಳು ನಗಲಿಲ್ಲ. ನನ್ನನ್ನು, ಡಬ್ಬಿಯನ್ನು, ಪರದೆಯನ್ನು ನೋಡಿದಳು. ಹಿರಿಯರು ಬಂದರೆ ಏಳುವ ಹಾಗೆ ಎದ್ದು ನಿಂತಳು. "ನೀವು ಗಂಡಸರೇನ್ರಿ" ಅಂತ ಮೆಲ್ಲಗೆ ಅಂದು, ಪಕ್ಕದ ಕುರ್ಚಿ ಒರೆಸಿ ಕೊಟ್ಟಳು.

"ಊಟ ಆಯ್ತಾ?" ಅಂತ ನಾನೇ ಕೇಳಿದೆ. ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

"ಇಲ್ರಿ ಸರ."

ಡಬ್ಬಿ ಮುಂದಿಟ್ಟೆ. ಬೇಡ ಅನ್ನಲಿಲ್ಲ. ಮುಚ್ಚಳಕ್ಕೆ ಸ್ವಲ್ಪ ಹಾಕಿಕೊಂಡು ತಿಂದಳು. ನಾನು ಅಭ್ಯಾಸ ಮಾಡಿಕೊಂಡು ಬಂದಿದ್ದನ್ನು ಹೇಳಿದೆ. ಜೂನ್‌ನಲ್ಲಿ ಜ್ವರ ಬಂದು ಒಬ್ಬನೇ ಬಿದ್ದುಕೊಂಡಿದ್ದೆ, ಆಗ ಬೇರೆಯವರು ಬರೀತಿದ್ದಾರೆ ಅಂತ ಗುರುತು ಹಿಡಿದವರು ನೀವೊಬ್ಬರೇ, ನನ್ನನ್ನು ಕೇಳಿದವರೂ ನೀವೊಬ್ಬರೇ, ಅದನ್ನ ಎದುರಿಗೆ ಹೇಳಿ ಹೋಗೋಣ ಅಂತ ಬಂದೆ ಅಂದೆ. ಸುಳ್ಳು ಎಲ್ಲ ಹಾಗಿರಲಿ, ಅದೊಂದು ನಿಜ ಅಲ್ವಾ ಅಂದೆ.

ಅವಳು ತಿನ್ನುವುದನ್ನು ನಿಲ್ಲಿಸಿದಳು.

"ಅದು ನಾನಲ್ರಿ ಸರ" ಅಂದಳು. "ಆವಾಗ ಇಲ್ಲಿ ಬ್ಯಾರೆ ಅಕ್ಕಾರು ಇದ್ರು. ಈ ಕುರ್ಚಿ ಅವರದ. ನಾ ಪಂಚಮಿ ಹಬ್ಬ ಮುಗಿಸ್ಕೊಂಡು ಊರಿಂದ ಬಂದು ಸೇರೀನ್ರಿ."

ಕೆಳಗೆ ಬೇಕರಿಯಲ್ಲಿ ಯಾರೋ ಬನ್ ಎಣಿಸಿ ಕೊಡುತ್ತಿದ್ದರು. ಅವರೀಗ ಎಲ್ಲಿದ್ದಾರೆ ಅಂತ ಕೇಳಿದೆ.

"ಗೊತ್ತಿಲ್ರಿ. ನನಗ ನಾಕು ದಿನ ಕೆಲಸ ಕಲಿಸಿ ಬಿಟ್ಟು ಹೋದ್ರು. ಯಾಕಂತ ಯಾರಿಗೂ ಹೇಳಲಿಲ್ಲ. ಫೋನ್ ನಂಬರನೂ ಬದ್ಲಿ ಮಾಡ್ಯಾರ್ರಿ." ಆಮೇಲೆ ಹೇಳಿದಳು, "ಅವರೂ ನಿಮ್ಮ ಪುಡಿ ತಂದಿದ್ರಂತ್ರಿ. ಖಾರ ಭಾಳ ಐತಿ ಅಂತಿದ್ರು."

ನನಗೆ ನಗು ಬಂದ ಹಾಗಾಯಿತು. ಹೋಗುವಾಗ ನನ್ನ ಬಗ್ಗೆ ಏನಾದರೂ ಹೇಳಿದ್ದರಾ ಅಂತ ಕೇಳಿದೆ. ಕೇಳಬಾರದಿತ್ತು ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

"ಹೌದ್ರಿ, ಹೇಳಿದ್ರು. ಈ ಆಂಟಿಗೆ ಮಂದಿ ಯಾರೂ ಇದ್ದಂಗಿಲ್ಲ, ಮಿಕ್ಸಿ ಮಾತು ಕಡಿಮಿ ಮಾಡು, ದಿನಾ ಊಟ ವಿಚಾರಸು ಅಂದಿದ್ರು. ಅದಕ್ಕ ಕೇಳ್ತಿದ್ದೆರಿ." ಅವಳು ಮುಚ್ಚಳದಲ್ಲಿದ್ದ ಒಂದು ಕಡಲೆಬೀಜವನ್ನು ಬೆರಳಿನಿಂದ ಸರಿಸಿದಳು. "ಇನ್ನೊಂದೂ ಹೇಳಿದ್ರು. ನೀ ಬರಿಯೂದು ಬ್ಯಾರೆ ಅಂತ ಅವರಿಗೆ ಎರಡು ದಿನದಾಗ ಗೊತ್ತಾಗ್ತೈತಿ. ಆ ಅಕ್ಕ ಎಲ್ಲಿ ಅಂತ ಕೇಳೇ ಕೇಳ್ತಾರ. ಕೇಳಿದ್ರ ಸುಳ್ಳು ಹೇಳಬ್ಯಾಡ, ಬಿಟ್ಟು ಹೋದ್ಲು, ನಿಮ್ಮನ್ನ ಭಾಳ ನೆನಸ್ತಾಳ ಅಂತ ಖರೇನ ಹೇಳಿಬಿಡು ಅಂದಿದ್ರು."

ಅವಳಿಗೆ ನನ್ನನ್ನು ನೋಯಿಸುವ ಉದ್ದೇಶವಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದಳು.

"ನಾ ದಿನಾ ಕಾಯ್ತಿದ್ದೆರಿ ಸರ" ಅಂದಳು. "ನೀವು ಕೇಳಲೇ ಇಲ್ಲ."